ಮೊದಲನೆಯ ಪ್ರಶ್ನೆ

“ಹದೋಲೆ ಎಂತ ಮಾಡುವ ಹೇಳಿ. ಹಳದಿಯಾ, ಕಿತ್ತಳೆಯಾ?”

ಗೋಪಿನಾಥ್ ಗೋಡೆಯ ಪರದೆಗೆ ಬೆನ್ನು ಹಾಕಿ ನಿಂತು ಕೇಳಿದರು. ಪರದೆಯ ಮೇಲೆ ಆಫ್ರಿಕಾದ ಪೂರ್ವದಂಚಿನ ನಕ್ಷೆಯಿತ್ತು. ಉಳಿದ ಜಿಲ್ಲೆಗಳೆಲ್ಲ ಬಣ್ಣ ಹಚ್ಚಿಸಿಕೊಂಡು ಕೂತಿದ್ದವು, ಹದೋಲೆ ಒಂದು ಮಾತ್ರ ಇನ್ನೂ ಬಿಳಿ. ದೋಹಾದ ವೆಸ್ಟ್ ಬೇಯ ಈ ಗೋಪುರದಲ್ಲಿ ಪ್ರತಿ ತಿಂಗಳೂ ನಡೆಯುವ ಕೆಲಸವಿದು. ಕುರಿ, ಮೇಕೆ, ಒಂಟೆ ಮೇಯಿಸಿ ಬದುಕುವ ದೂರದ ಸೀಮೆಗಳಲ್ಲಿ ಮಳೆ ಎಷ್ಟು ಬಿತ್ತು, ಹುಲ್ಲು ಎಷ್ಟು ಉಳಿಯಿತು, ಜನ ಏನು ತಿನ್ನುತ್ತಿದ್ದಾರೆ ಎಂದು ನೋಡಿ ಜಿಲ್ಲೆಗೊಂದು ಬಣ್ಣ ಕೊಡಬೇಕು. ಹಳದಿ ಎಂದರೆ ಕಣ್ಣಿಟ್ಟಿರಿ ಎಂದು. ಕಿತ್ತಳೆ ಎಂದರೆ ಧಾನ್ಯ ಕಳಿಸಿ ಎಂದು. ಹೊಟ್ಟೆಯ ಪಾಡನ್ನು ಬಣ್ಣದಲ್ಲಿ ಹೇಳುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಅವರ ಹೊಟ್ಟೆ ಮಾತ್ರ ತುಂಬಿದ್ದಿರಬೇಕು.

“ಹಳದಿ, ಸರ್,” ಎಂದಳು ಜಾಹ್ನವಿ. “ಉಪಗ್ರಹದ ಚಿತ್ರದಲ್ಲಿ ಹುಲ್ಲು ಕಾಣಿಸ್ತಿಲ್ಲ, ನಿಜ. ಆದ್ರೆ ಜನ ಊಟ ಮಾಡ್ತಿದಾರೆ. ಫೋನಲ್ಲಿ ಕೇಳಿದ್ದಕ್ಕೆ ನೂರಕ್ಕೆ ತೊಂಬತ್ತು ಮನೆಯವರು ಊಟ ಆಯ್ತು ಅಂದಿದಾರೆ. ಮೇಲಿಂದ ನೋಡಿದ್ದನ್ನ ನಂಬೋದಾ, ಜನ ಬಾಯಿಬಿಟ್ಟು ಹೇಳಿದ್ದನ್ನ ನಂಬೋದಾ?”

“ಜನ ಹೇಳಿದ್ದೇ ಮೇಲೆ. ಅದರಲ್ಲಿ ಎರಡು ಮಾತಿಲ್ಲ,” ಎಂದು ಗೋಪಿನಾಥ್ ಹದೋಲೆಗೆ ಹಳದಿ ಬಳಿದರು. ಉಡುಪಿಯ ಕಡೆಯ ಈ ಮನುಷ್ಯ ಬರ ನಿಗಾ ವಿಭಾಗದ ಮುಖ್ಯಸ್ಥ. ಗುರುವಾರ ವರದಿ ಹೊರಡಬೇಕು, ಇವತ್ತು ಮಂಗಳವಾರ. ಅವರ ಮುಖದಲ್ಲಿ ಆಗಲೇ ಶುಕ್ರವಾರದ ರಜೆಯ ಕಳೆಯಿತ್ತು.

ಜಾಹ್ನವಿ ಮೈಸೂರಿನವಳು. ಸಂಖ್ಯಾಶಾಸ್ತ್ರ ಓದಿ, ಗಂಡನ ಹಿಂದೆ ದೋಹಾಕ್ಕೆ ಬಂದು, ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತು ಈ ಪರಿಹಾರ ಸಂಸ್ಥೆಗೆ ಸೇರಿದವಳು. ಫೋನ್ ಸಮೀಕ್ಷೆ ಅವಳ ಕೂಸು. ಹದೋಲೆಯ ದಾರಿಯಲ್ಲಿ ಬಂದೂಕು ಹಿಡಿದವರ ಕಾಟ. ಧಾನ್ಯದ ಲಾರಿ ಬಂದರೆ ಊರ ಹಿರಿಯರು ಮಾತಾಡಿ ಒಳಗೆ ಬಿಡಿಸಿಕೊಳ್ಳುತ್ತಾರೆ, ಪ್ರಶ್ನೆ ಕೇಳಲು ಬರುವವರನ್ನು ಮಾತ್ರ ಯಾರೂ ಬಿಡುವುದಿಲ್ಲ. ಆದ್ದರಿಂದ ಕೇಳುವುದೆಲ್ಲ ಫೋನಿನಲ್ಲೇ. ಮೊದಮೊದಲು ಸಮೀಕ್ಷೆ ಶುರುವಾಗುತ್ತಿದ್ದುದೇ ‘ಕಳೆದ ಏಳು ದಿನಗಳಲ್ಲಿ ನಿಮ್ಮ ಕುಟುಂಬ ಎಷ್ಟು ಬಗೆಯ ಆಹಾರ ಸೇವಿಸಿದೆ’ ಎಂದು. ಪೊಲೀಸರು ಕೇಳಿದ ಹಾಗೆ ಕೇಳಿದರೆ ಯಾರು ಉತ್ತರ ಕೊಡುತ್ತಾರೆ? ಜನ ಫೋನ್ ಇಡುತ್ತಿದ್ದರು. ಮನೆಮಾತಿನಂತೆ ಶುರು ಮಾಡೋಣ, ಮೊದಲು ಊಟ ಆಯಿತಾ ಎಂದು ಕೇಳೋಣ ಎಂದವಳು ಜಾಹ್ನವಿ. ಆಮೇಲೆ ಯಾರೂ ಫೋನ್ ಇಡಲಿಲ್ಲ. ಮುಂದಿನ ಪ್ರಶ್ನೆಗಳಿಗೆ ಬ್ಯಾಟರಿ ಮುಗಿಯಿತು, ಮೇಕೆ ತಪ್ಪಿಸಿಕೊಂಡಿತು ಎಂದು ಜಾರಿಕೊಂಡವರು ಕೂಡ ಮೊದಲನೆಯದಕ್ಕೆ ತಪ್ಪದೆ ಉತ್ತರ ಕೊಟ್ಟಿದ್ದರು. ಎಲ್ಲರೂ ಉತ್ತರಿಸಿದ ಪ್ರಶ್ನೆ ಎಂದು ಲೆಕ್ಕದಲ್ಲಿ ಅದಕ್ಕೇ ಹೆಚ್ಚು ತೂಕ ಕೊಟ್ಟವಳೂ ಅವಳೇ. ಗೋಪಿನಾಥ್ ಅದನ್ನು ದೊಡ್ಡ ಸಭೆಯಲ್ಲಿ ಹೊಗಳಿದ್ದರು. ಅವಳಿಗೂ ಹೆಮ್ಮೆಯಾಗಿತ್ತು. ಆಗದೆ ಇರುತ್ತದೆಯೇ?

ಸಭೆ ಮುಗಿಸಿ ಅವಳು ನೀರು ತುಂಬಿಸಿಕೊಳ್ಳಲು ಪ್ಯಾಂಟ್ರಿಗೆ ಹೋದಳು. ಅಲ್ಲಿ ಕೊನ್ಸೆಪ್ಟಾ ಸಿಂಕಿನ ಮುಂದೆ ಟಿಫಿನ್ ಡಬ್ಬಿ ತೊಳೆಯುತ್ತಿದ್ದರು. ಮಂಗಳೂರಿನ ಬಿಜೈ ಕಡೆಯವರು. ಸಂಸ್ಥೆಯ ಹಡಗು, ಗೋದಾಮು, ಲಾರಿ ಎಲ್ಲ ಅವರ ಕೈಯಲ್ಲಿ. ಸೋಪು ಹಚ್ಚಿದ ಡಬ್ಬಿಯಿಂದ ತಲೆ ಎತ್ತದೆಯೇ ಕೇಳಿದರು:

“ಜಾಹ್ನವಿ, ಊಟ ಆಯ್ತಾ?”

“ಆಯ್ತು ಮೇಡಂ, ನಿಮ್ದು?”

“ನನ್ನದೂ ಆಯ್ತು. ಬಂಗುಡೆ ಪುಳಿಮುಂಚಿ ತಂದಿದ್ದೆ, ನೀವು ತಿನ್ನುವವರಲ್ಲ.”

ಜಾಹ್ನವಿ ನಕ್ಕು, ಬಾಟಲಿ ತುಂಬಿಸಿಕೊಂಡು, ತನ್ನ ಮೇಜಿಗೆ ಬಂದು ಕೂತಳು. ಮೇಜಿನ ಮೇಲೆ ಅವಳ ಊಟದ ಡಬ್ಬಿ ಬೆಳಿಗ್ಗೆ ಇಟ್ಟಲ್ಲೇ ಇತ್ತು. ಮುಚ್ಚಳ ತೆಗೆದಿರಲಿಲ್ಲ. ಅದನ್ನು ನೋಡಿ ಅವಳ ಕಿವಿ ಬಿಸಿಯಾಯಿತು. ಊಟ ಆಗಿಲ್ಲ ಎಂದು ಹೇಳಲು ಅವಳಿಗೆ ಏನು ಅಡ್ಡಿಯಿತ್ತು? ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಅವಳು ಬೇರೆ ಉತ್ತರವನ್ನೇ ಕೊಟ್ಟಿರಲಿಲ್ಲ, ಅಷ್ಟೆ.

ಅವಳು ಅಮೀರನಿಗೆ ಫೋನ್ ಮಾಡಿದಳು. ಆಫ್ರಿಕಾದ ಬಂದರಿನ ಊರಿನಲ್ಲಿ ಕೂತು ಸಮೀಕ್ಷೆ ಮಾಡಿಸುವವನು ಅವನೇ. ಸೊಮಾಲಿ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದವನು, ಅಲ್ಲಿಂದ ಡಿಗ್ರಿಯ ಜೊತೆಗೆ ಕನ್ನಡವನ್ನೂ ಹೊತ್ತುಕೊಂಡು ಹೋಗಿದ್ದ. ಗೋಪಿನಾಥರ ಕನ್ನಡಕ್ಕಿಂತ ಅಮೀರನ ಕನ್ನಡವೇ ತನಗೆ ಹತ್ತಿರ ಎಂದು ಜಾಹ್ನವಿ ತಮಾಷೆ ಮಾಡುವುದಿತ್ತು.

“ಅಮೀರ್, ಒಂದು ವಿಷಯ ನಿಜ ಹೇಳು. ನಿಮ್ಮಲ್ಲಿ ಯಾರಾದ್ರೂ ಫೋನ್ ಮಾಡಿ ಊಟ ಆಯ್ತಾ ಅಂದ್ರೆ, ಆಗಿಲ್ಲ ಅಂತಾರಾ?”

ಅವನು ನಕ್ಕ. “ಹೆಂಗಂತಾರೆ ಅಕ್ಕ? ಆಗಿಲ್ಲ ಅಂದ್ರೆ, ನೀವು ನನಗೆ ಕೊಡಿ ಅಂದಂಗೆ ಆಯ್ತದೆ. ಆಯ್ತು, ಅಲ್ಹಮ್ದುಲಿಲ್ಲಾ ಅಂತಾರೆ. ಅದು ಸಲಾಂ ಇದ್ದಂಗೆ.”

“ಮತ್ತೆ ನೀನು ನನಗೆ ಹೇಳಬಾರದಿತ್ತಾ?”

ಆ ಕಡೆ ಅವನು ನಗು ನಿಲ್ಲಿಸಿದ. “ನೀವು ಅದನ್ನ ಲೆಕ್ಕಕ್ಕೆ ಹಾಕ್ತೀರಿ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕ. ಮಾತು ಶುರು ಮಾಡಕ್ಕೆ ಕೇಳ್ತಿದೀರಿ ಅಂದ್ಕೊಂಡೆ. ಸರಸ್ವತಿಪುರಂನಲ್ಲಿ ನಮ್ಮ ಓನರ್ ಅಜ್ಜಿ ದಿನಾ ಕೇಳ್ತಿದ್ರು, ಊಟ ಆಯ್ತಾ ಮಗಾ ಅಂತ. ನಾನು ದಿನಾ ಆಯ್ತು ಅಂತಿದ್ದೆ. ಎಷ್ಟೋ ದಿನ ಆಗಿರ್ತಿರ್ಲಿಲ್ಲ.”

ಜಾಹ್ನವಿಗೆ ಅಳು ಬಂದಂತಾಯಿತು, ಆಫೀಸು ಎಂದು ತಡೆದುಕೊಂಡಳು. ನಾಲ್ಕು ತಿಂಗಳಿಂದ ಹದೋಲೆಯ ಜನ ಮರ್ಯಾದೆಯಿಂದ ಮಾತಾಡಿದ್ದರು. ಅವಳು ಅದನ್ನು ಅನ್ನವೆಂದು ಬರೆದುಕೊಂಡಿದ್ದಳು.

ಗೋಪಿನಾಥ್ ಅವಳ ಮಾತನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂತ ಹೇಳ್ತಿದ್ದೀರಿ ಮಾರಾಯ್ರೆ? ಬೆಳಿಗ್ಗೆ ಜನರ ಮಾತನ್ನೇ ನಂಬಬೇಕು ಅಂದದ್ದು ನೀವೇ ಅಲ್ವಾ?”

“ಹೌದು ಸರ್. ತಪ್ಪು ನನ್ನದೇ. ಹದೋಲೆ ಕಿತ್ತಳೆ ಆಗಬೇಕು.”

“ಕಿತ್ತಳೆ ಆಗಬೇಕು ಅಂದ್ರೆ ಧಾನ್ಯದ ಹಡಗಿನಲ್ಲಿ ಪಾಲು ಕೊಡಬೇಕು. ಇರುವುದು ಒಂದೇ ಹಡಗು. ಅದು ಪೂರ್ತಿ ಮರ್ಕಾನ್ ಜಿಲ್ಲೆಗೆ ಅಂತ ಆಗಿದೆ. ಅಲ್ಲಿಯವರೂ ಹಸಿದಿದ್ದಾರೆ, ಅದಕ್ಕೆ ಸಾಕ್ಷಿ ಉಂಟು. ಅವರ ತಟ್ಟೆಯಿಂದ ತೆಗೆದು ಹದೋಲೆಗೆ ಹಾಕ್ಲಿಕ್ಕೆ ನಿಮ್ಮ ಹತ್ರ ಎಂತ ಸಾಕ್ಷಿ ಉಂಟು? ನನಗೆ ಹಾಗೆ ಅನ್ನಿಸ್ತು ಅಂತ ಬರೀಲಿಕ್ಕೆ ಆಗ್ತದಾ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಾಹ್ನವಿಗೆ ಸಿಟ್ಟು ಬಂದದ್ದೂ ಅದಕ್ಕೇ.

“ಮುಂದಿನ ಹಡಗು ಮೂರು ತಿಂಗಳು ಬಿಟ್ಟು ಸರ್. ಅಷ್ಟರಲ್ಲಿ ಅಲ್ಲಿ...”

“ಗೊತ್ತುಂಟು.” ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಧೂಳಿಗೆ ಸಮುದ್ರ ಕಾಣುತ್ತಿರಲಿಲ್ಲ. “ಇನ್ನೊಂದು ಹೇಳ್ತೇನೆ, ತಪ್ಪು ತಿಳ್ಕೊಳ್ಬೇಡಿ. ನಮ್ಮ ಪ್ರಶ್ನೆಯೇ ಸರಿ ಇರಲಿಲ್ಲ ಅಂತ ನಾವೇ ಬರೆದ್ರೆ, ದುಡ್ಡು ಕೊಡುವವರು ಇಡೀ ಸಮೀಕ್ಷೆಯನ್ನೇ ಖಲಾಸ್ ಮಾಡ್ತಾರೆ. ನಿಮ್ಮ ಕಾಂಟ್ರ್ಯಾಕ್ಟ್ ಅದರ ಮೇಲೆಯೇ ನಿಂತಿರುವುದು.”

“ಖಲಾಸ್ ಆದ್ರೆ ಆಗ್ಲಿ ಸರ್.”

ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅವಳಿಗೂ ಸ್ವಲ್ಪ ಹೆದರಿಕೆಯಾಯಿತು. ಗೋಪಿನಾಥ್ ಅವಳನ್ನು ಒಂದು ಗಳಿಗೆ ನೋಡಿ ಕನ್ನಡಕ ಹಾಕಿಕೊಂಡರು.

“ಒಂದು ಕೆಲಸ ಮಾಡಿ. ಬೇರೆ ಪ್ರಶ್ನೆ ಹುಡುಕಿ, ಅವರು ನಿಜ ಹೇಳುವಂಥದ್ದು. ನಾಳೆ ನನ್ನ ಎದುರು, ಕೊನ್ಸೆಪ್ಟಾ ಎದುರು, ಒಂದು ಮನೆಗೆ ಫೋನ್ ಮಾಡಿ ಕೇಳುವ. ಪ್ರಶ್ನೆ ನಿಂತರೆ ಅಮೀರನ ಹತ್ರ ಫೋನ್ ಮಾಡುವ ಹುಡುಗಿಯರು ಸಂಜೆಯೊಳಗೆ ಉಳಿದ ಮನೆಗಳಿಗೆ ಮಾಡ್ಲಿ. ನಿಲ್ಲದಿದ್ದರೆ ಹಳದಿ. ಆಯ್ತಾ?”

ಕರ್ವಾ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಕೇಳಿ ನೋಡಿದಳು. ಇವತ್ತು ಏನಡುಗೆ? ಅದಕ್ಕೂ ಸುಳ್ಳು ಸಲೀಸು. ಸಾರು ಅನ್ನ ಎಂದರಾಯಿತು. ಮಕ್ಕಳು ಹಸಿದಿದ್ದಾರಾ? ಯಾವ ತಾಯಿ ಗುರುತಿಲ್ಲದವರ ಹತ್ತಿರ ಹೌದು ಎನ್ನುತ್ತಾಳೆ? ಎಷ್ಟು ಮೇಕೆ ಉಳಿದಿವೆ? ಅಲ್ಲಿ ಸಾಕಿದ ಪ್ರಾಣಿಗಳ ಲೆಕ್ಕ ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ಬಾಯಿ ಬಿಡುವುದಿಲ್ಲ. ಹಸಿವನ್ನು ಕೇಳಿ ತಿಳಿಯಲು ಒಂದು ದಾರಿಯೂ ಇಲ್ಲದಂತೆ ಜನ ತಮ್ಮ ಸುತ್ತ ಬೇಲಿ ಹಾಕಿಕೊಂಡಿದ್ದಾರೆ. ಆ ಬೇಲಿ ತನ್ನ ಮನೆಗೂ ಇದೆ ಎಂದು ಅವಳಿಗೆ ಅನ್ನಿಸಿತು.

ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಇಳಿದು ಗಲ್ಲಿಗೆ ತಿರುಗುವಷ್ಟರಲ್ಲಿ ಗಂಡ ಸಂತೋಷ್ ಫೋನ್ ಮಾಡಿದ.

“ಜಾನು, ಸೂಕ್ ವಾಕಿಫ್ ಹತ್ರ ರಾಕೇಶ್ ಸಿಕ್ದ. ಮನೆಗೆ ಕರ್ಕೊಂಡು ಬರ್ತಿದೀನಿ, ಊಟಕ್ಕೆ. ಮನೇಲಿ ಏನಿದೆ?”

“ಏನೂ ಇಲ್ಲ ಕಣ್ರೀ! ಒಂದು ಮಾತು ಮೊದಲೇ ಹೇಳಬಾರದಾ? ಎರಡು ಟೊಮೆಟೊ ಇದೆ, ಮೊಸರು ತಳದಲ್ಲಿ ಒಂದು ಸೌಟು ಇರಬೇಕು. ದೋಸೆ ಹಿಟ್ಟು ಹುಳಿ ಬಂದು ಕೂತಿದೆ. ಬೇಳೆ ಕೂಡ...”

ಹೇಳುತ್ತ ಹೇಳುತ್ತ ಅವಳು ದಿನಸಿಯ ಬಕಾಲಾ ಅಂಗಡಿಯ ಮುಂದೆ ನಿಂತುಬಿಟ್ಟಳು. ಸಂತೋಷ್ ಹಲೋ ಹಲೋ ಎಂದು ಕೂಗುತ್ತಿದ್ದ. ಮಧ್ಯಾಹ್ನ ಊಟ ಆಗಿದೆ ಎಂದು ಸಲೀಸಾಗಿ ಸುಳ್ಳು ಹೇಳಿದ ಬಾಯಿ, ಈಗ ಅಡುಗೆಮನೆಯ ಮೂಲೆಮೂಲೆಯ ನಿಜವನ್ನು ಕಕ್ಕುತ್ತಿತ್ತು. ನೆಂಟರು ಬಾಗಿಲಿಗೆ ಬರುತ್ತಾರೆಂದರೆ ಯಾರೂ ಡಬ್ಬಿಯ ಮುಚ್ಚಳ ತೆಗೆಯದೆ ಇರಲಾರರು. ಅವಳಿಗೆ ಖುಷಿಯಾಯಿತು. ರಾಕೇಶನಿಗೆ ಆ ರಾತ್ರಿ ಹುಳಿ ದೋಸೆಯೇ ಗತಿಯಾಯಿತು. ಪಾಪ, ಚೆನ್ನಾಗಿದೆ ಅತ್ತಿಗೆ ಎಂದು ಹೇಳಿ ತಿಂದ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವರೂ ಚಿಕ್ಕ ಕೋಣೆಯಲ್ಲಿ ಕೂತರು. ಮಧ್ಯೆ ಜಾಹ್ನವಿಯ ಲ್ಯಾಪ್‌ಟಾಪ್, ಅದರ ಸ್ಪೀಕರಿನಲ್ಲಿ ಅಮೀರ್. ಯಾವ ಮನೆ ಎಂದು ಜಾಹ್ನವಿ ಆರಿಸಬಾರದು ಎಂದು ಗೋಪಿನಾಥ್ ಹಟ ಹಿಡಿದರು. ಕೊನ್ಸೆಪ್ಟಾ ಕಣ್ಣು ಮುಚ್ಚಿ ಪರದೆಯ ಮೇಲಿನ ಮನೆಗಳ ಪಟ್ಟಿಯಲ್ಲಿ ಬೆರಳಿಟ್ಟರು. ಬೆರಳ ಕೆಳಗೆ ಸಿಕ್ಕವಳು ಲೈಲಾ ಎಂಬ ಹೆಂಗಸು. ಹದೋಲೆಯ ಒಂದು ಬಾವಿಯ ಬಳಿ ಗುಡಿಸಲು, ಗಂಡ, ಮಕ್ಕಳು. ಹೋದ ತಿಂಗಳು ಊಟ ಆಯಿತು ಎಂದವಳೇ.

“ಮೊದಲು ಹಳೇ ಪ್ರಶ್ನೆ ಕೇಳು ಅಮೀರ್,” ಎಂದಳು ಜಾಹ್ನವಿ.

ಸ್ಪೀಕರಿನಲ್ಲಿ ಗಾಳಿಯ ಸದ್ದು, ಅದರ ನಡುವೆ ತುಸು ಗೊಗ್ಗರು ದನಿಯ ಹೆಂಗಸಿನ ಮಾತು. ಅಮೀರನೂ ಅವಳೂ ಕುಶಲ ಕೇಳಿಕೊಳ್ಳುವುದೇ ಸಾಕಷ್ಟು ಹೊತ್ತು ನಡೆಯಿತು.

“ಆಯ್ತಂತೆ. ಎಲ್ಲರದೂ ಆಯ್ತಂತೆ, ಅಲ್ಹಮ್ದುಲಿಲ್ಲಾ. ನಿಮ್ಮೆಲ್ಲರದೂ ಊಟ ಆಯ್ತಾ ಅಂತ ಕೇಳ್ತಿದಾರೆ.”

“ಆಯ್ತು, ಆಯ್ತು, ಹೇಳು,” ಎಂದರು ಗೋಪಿನಾಥ್. ಆಮೇಲೆ ಗಡಿಯಾರ ನೋಡಿ ಸ್ವಲ್ಪ ಇರುಸುಮುರುಸಾಗಿ ಕೂತರು. ಕೊನ್ಸೆಪ್ಟಾ ನಗು ತಡೆಯಲು ಕೆಮ್ಮಿದರು.

“ಈಗ ಇದನ್ನ ಕೇಳು,” ಎಂದಳು ಜಾಹ್ನವಿ. “ನಾವು ಕತಾರಿಂದ ಮೂರು ಜನ ಈಗ ನಿಮ್ಮ ಮನೆಗೆ ಬಂದ್ರೆ ನಮಗೆ ಏನು ಕೊಡ್ತೀರಿ ಅಂತ.”

ಅಮೀರ್ ತಡೆದ. “ಹಂಗೇ ಕೇಳ್ಲಾ ಅಕ್ಕ?”

“ಹಂಗೇ ಕೇಳು.”

ಅವನು ಕೇಳಿದ. ಗಾಳಿ ಮಾತ್ರ ಬೀಸುತ್ತಿತ್ತು. ಆಮೇಲೆ ಲೈಲಾಳ ದನಿ ಫೋನಿನಿಂದ ದೂರ ಸರಿದು ಜೋರಾಗಿ ಯಾರನ್ನೋ ಕೂಗಿತು. ಒಂದು ಮಗುವಿನ ದನಿ ಓಗೊಟ್ಟಿತು.

“ಏನಂದ್ರು?” ಎಂದಳು ಜಾಹ್ನವಿ.

“ನಮಗೆ ಏನೂ ಹೇಳ್ತಿಲ್ಲ ಅಕ್ಕ. ಮಗಳನ್ನ ಕೂಗ್ತಿದಾರೆ. ಪಕ್ಕದ ಗುಡಿಸಲಿಗೆ ಹೋಗಿ ಚಹಾ ಪುಡಿ ಇದ್ರೆ ಕೇಳ್ಕೊಂಡು ಬಾ ಅಂತಿದಾರೆ. ಅಲ್ಲಿ ಇಲ್ಲ ಅಂದ್ರೆ ಬಾವಿಯ ಆ ಕಡೆಯವರನ್ನ ಕೇಳು ಅಂತ. ಸಕ್ಕರೆ ಕೇಳಬೇಡ, ಅವರ ಹತ್ರಾನೂ ಇಲ್ಲ ಅಂತ.”

“ಹಾಲು? ಅಲ್ಲಿ ಬಂದವರಿಗೆ ಮೊದಲು ಹಾಲು ಕೊಡುವುದಲ್ವಾ?” ಗೋಪಿನಾಥ್ ಮುಂದಕ್ಕೆ ಬಾಗಿದರು.

“ಹಾಲಿನ ಮಾತೇ ಎತ್ತಿಲ್ಲ ಸರ್.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಶ್ನೆ ಗೆದ್ದಿತ್ತು. ಜಾಹ್ನವಿಗೆ ಒಂದು ಕ್ಷಣ ಪರೀಕ್ಷೆಯಲ್ಲಿ ಪಾಸಾದ ಸಂತೋಷವೇ ಆಯಿತು ಎಂದು ಹೇಳಬೇಕು. ಅಷ್ಟರಲ್ಲಿ ಸ್ಪೀಕರಿನಲ್ಲಿ ಒಬ್ಬ ಗಂಡಸಿನ ದನಿ ಬಂತು, ಲೈಲಾ ಅವನಿಗೆ ಅವಸರದಲ್ಲಿ ಏನೋ ಹೇಳಿದಳು. ಅವನು ಮರುಮಾತಾಡಿದ. ಅವಳು ಗದರಿದಳು.

“ಅಕ್ಕ,” ಎಂದ ಅಮೀರ್. ಅವನ ದನಿ ಬೇರೆಯಾಗಿತ್ತು. “ಗಂಡನಿಗೆ ಮೇಕೆ ಹಿಡಿ ಅಂತಿದಾರೆ.”

“ಯಾವ ಮೇಕೆ?”

“ಅದೊಂದೇ ಉಳಿದಿರೋದು ಅಂತ ಅವನು ಹೇಳ್ತಿದಾನೆ. ಒಂದಿದ್ರೂ ಸರಿ, ಹಿಡಿದು ಕಟ್ಟು, ಚಾಕು ತಾ, ಕತಾರಿಂದ ಅತಿಥಿಗಳು ಬರ್ತಿದಾರೆ ಅಂತಿದಾರೆ. ನೀವು ನಿಜವಾಗ್ಲೂ ಬರ್ತಿದೀರಿ ಅಂದ್ಕೊಂಡಿದಾರೆ ಅಕ್ಕ.”

ಜಾಹ್ನವಿ ಎದ್ದು ನಿಂತಳು. ಕುರ್ಚಿ ಗೋಡೆಗೆ ಬಡಿಯಿತು. “ಬೇಡ ಅನ್ನು! ಅಮೀರ್, ಬೇಡ ಅನ್ನು ಬೇಗ! ಬರ್ತಿಲ್ಲ, ಸುಮ್ಮನೆ ಕೇಳಿದ್ದು ಅನ್ನು!”

ಅಮೀರ್ ಗಟ್ಟಿಯಾಗಿ, ತಡವರಿಸುತ್ತ ಮಾತಾಡಿದ. ಬಹಳ ಹೊತ್ತು ಮಾತಾಡಿದ. ಜಾಹ್ನವಿಗೆ ನಾಚಿಕೆಯಿಂದ ಮೈಯೆಲ್ಲ ಬೆವೆತಿತ್ತು, ಏಸಿಯ ಗಾಳಿ ನೇರ ಅವಳ ಮೇಲೇ ಬೀಳುತ್ತಿದ್ದರೂ. ಕೊನ್ಸೆಪ್ಟಾ ಕುತ್ತಿಗೆಯ ಸರದ ಶಿಲುಬೆಯನ್ನು ಬೆರಳಲ್ಲಿ ಹಿಡಿದಿದ್ದರು. ಕೊನೆಗೆ ಲೈಲಾ ಉತ್ತರ ಕೊಟ್ಟಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

“ಹೇಳಿದೆ ಅಕ್ಕ. ಕಡಿಯಲ್ಲ ಅಂದ್ರು. ಆದ್ರೆ ಅವರಿಗೆ ಬೇಜಾರಾಗಿದೆ. ನಮ್ಮನೇಲಿ ಕೊಡಕ್ಕೆ ಏನೂ ಇಲ್ಲ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ, ಅದಕ್ಕೇ ಬರೋದು ಬೇಡ ಅಂತ ಮಾಡಿದ್ರಾ ಅಂತ ಕೇಳ್ತಿದಾರೆ.”

ಗೋಪಿನಾಥ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

“ಕೊನ್ಸೆಪ್ಟಾ, ಹಡಗಿನ ಕಾಗದ ಸೀಲ್ ಆಗಿದೆಯಾ?”

“ಇಲ್ಲ ಸರ್. ನಾಳೆವರೆಗೆ ಟೈಮ್ ಉಂಟು.”

“ಹದೋಲೆಗೆ ಅರ್ಧ ಮಾಡಿ.”

“ಮರ್ಕಾನಿನವರಿಗೆ ಸಾಲುವುದಿಲ್ಲ.”

“ಇಬ್ಬರಿಗೂ ಸಾಲುವುದಿಲ್ಲ. ಮಾಡಿ.” ಅವರು ಜಾಹ್ನವಿಯ ಕಡೆ ತಿರುಗಿದರು. “ಈ ಪ್ರಶ್ನೆ ಇನ್ನು ಯಾರಿಗೂ ಕೇಳುವುದು ಬೇಡ. ಮನೆಗೆ ಒಂದೊಂದು ಮೇಕೆ ಹೋದೀತು. ದುಡ್ಡು ಕೊಡುವವರು ಸಾಕ್ಷಿ ಕೇಳ್ತಾರೆ, ಕೇಳ್ಲಿ. ಒಂದೇ ಮನೆ ಅಂತ ಬರೀರಿ. ಪ್ರಶ್ನೆ ನಮ್ಮದೇ ತಪ್ಪು ಅಂತಲೂ ಬರೀರಿ. ಕೆಳಗೆ ನಿಮ್ಮ ಸಹಿ ಬೇಡ, ನನ್ನದು ಹಾಕ್ತೇನೆ.”

“ಇಬ್ಬರದೂ ಇರ್ಲಿ ಸರ್,” ಎಂದಳು ಜಾಹ್ನವಿ.

“ಅಕ್ಕ, ಅವರಿನ್ನೂ ಲೈನಲ್ಲಿದಾರೆ,” ಎಂದ ಅಮೀರ್. “ಏನು ಹೇಳ್ಲಿ?”

ಜಾಹ್ನವಿ ಮತ್ತೆ ಕೂತು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ದಾರಿಯಲ್ಲಿ ಬಂದೂಕಿನವರು ಇದ್ದಾರೆ, ತಾನು ಹದೋಲೆಗೆ ಕಾಲಿಡುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಹೆಂಗಸಿಗೆ ಬೇರೆ ಏನನ್ನೂ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಬರ್ತೀವಿ ಅನ್ನು. ಇವತ್ತಲ್ಲ, ಇನ್ನೊಂದಿನ ಬರ್ತೀವಿ. ಮೇಕೆ ಬಿಟ್ಟುಬಿಡಲಿ, ಮೇಯಲಿ ಅನ್ನು.”

ಅಮೀರ್ ಹೇಳಿದ. ಲೈಲಾ ಏನೋ ಕೇಳಿದಳು, ಅವನು ಉತ್ತರಿಸಿದ, ಅವಳು ಮತ್ತೆ ಕೇಳಿದಳು. ಈಗ ಅವಳ ದನಿಯಲ್ಲಿ ಮೊದಲಿನ ಗೆಲುವು ಬಂದಿತ್ತು.

“ಸರಿ ಅಂದ್ರು ಅಕ್ಕ. ಮೇಯಕ್ಕೆ ಹುಲ್ಲೆಲ್ಲಿದೆ ಅಂದ್ರು. ನೀವು ಬರೋವರೆಗೂ ಅದನ್ನ ಕಟ್ಟೇ ಇಟ್ಟಿರ್ತಾರಂತೆ.”

ಯಾರೂ ಫೋನ್ ಇಡಲಿಲ್ಲ. ಸ್ಪೀಕರಿನಲ್ಲಿ ಗಾಳಿ ಬೀಸಿ ನಿಂತಿತು. ಹತ್ತಿರದಲ್ಲೇ ಎಲ್ಲೋ ಮೇಕೆ ಕೂಗುತ್ತಿತ್ತು.